ಉತ್ಸಾಹವೇ ವೀರದ ಬೇರು: ಜೋಜಿ ಲಾ ಕಣಿವೆಯ ಟ್ಯಾಂಕುಗಳು



ತಮ್ಮ ಗಳಿಕೆಯ ಒಂದಂಶವನ್ನು ವಿದ್ಯೆಯ ಹೆಸರಿನಲ್ಲಿ ಬೇರ್ಪಡಿಸಿಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಂದಾವರ್ತಿ ಊರಿನ ಜನ ಒಂದೆಡೆ ಕುಳಿತು ಒಂದು ವಿಷಯವನ್ನು ಸಾವಧಾನವಾಗಿ ಚಿಂತಿಸಲೆಂದು ಏರ್ಪಾಡು ಮಾಡುವುದು ನಮ್ಮ ನಾಡಿನ ಸತ್ಸಂಪ್ರದಾಯಗಳಲ್ಲೊಂದು. ಆ ಸಂಪ್ರದಾಯದ ಗೌರವಕ್ಕೆ ತಕ್ಕಂತೆ ಮಾತನಾಡುವ ಹೊಣೆ ಇಂದು ನನ್ನದಾಗಿದೆ. ಯುದ್ಧಕಾಲದಲ್ಲಿ ಟ್ಯಾಂಕುಗಳನ್ನು ನಡೆಸಿ, ಶತ್ರುವಿನ ಇದಿರಿನಲ್ಲಿ ತೋರಿದ ಧೈರ್ಯಕ್ಕಾಗಿ ರಾಷ್ಟ್ರದಿಂದ ಪದಕವನ್ನು ಪಡೆದ ಸೇನಾಧಿಕಾರಿಯೊಬ್ಬರ ಕಾರ್ಯವನ್ನೂ, ಆ ಕಾರ್ಯಕ್ಕೆ ಸೂತ್ರಧಾರರಾಗಿದ್ದ ನಮ್ಮ ಕೊಡಗಿನ ದಂಡನಾಯಕರೊಬ್ಬರ ವಿವೇಕವನ್ನೂ ತಮ್ಮ ಮುಂದಿಟ್ಟು, ಶೌರ್ಯವೆಂಬ ಗುಣದ ನಿಜಸ್ವರೂಪವೇನೆಂಬುದನ್ನು ವಿಚಾರಿಸಬೇಕೆಂಬುದು ನನ್ನ ಉದ್ದೇಶ. ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್. ದಂಡನಾಯಕರು ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಸ್ಥಳ ಹಿಮಾಲಯದ ಜೋಜಿ ಲಾ ಕಣಿವೆದಾರಿ. ಕಾಲ 1948ನೆಯ ಇಸವಿಯ ನವೆಂಬರ್ ತಿಂಗಳ ಮೊದಲನೆಯ ದಿನ.

1

ಈ ವಿಷಯವನ್ನು ಶಿವಮೊಗ್ಗ ಸೀಮೆಯಲ್ಲಿ ನಿಂತು ಹೇಳುವುದಕ್ಕೆ ಕಾರಣವುಂಟು. ವೀರನನ್ನು ನೆನೆಯುವ ಕಲೆಯನ್ನು ಈ ಸೀಮೆ ಬಲುಹಿಂದೆಯೇ ಬಲ್ಲುದು. ಶಿಕಾರಿಪುರ, ಸೊರಬ, ಸಾಗರಗಳ ಹಳ್ಳಿಗಳಲ್ಲಿ, ಕೆರೆಯ ಏರಿಯ ಮೇಲೆ, ದೇವಸ್ಥಾನದ ಮಗ್ಗುಲಲ್ಲಿ, ಬೇಲಿಯ ಮರೆಯಲ್ಲಿ ನಿಂತಿರುವ ವೀರಗಲ್ಲುಗಳನ್ನು ತಾವೆಲ್ಲರೂ ನೋಡಿದ್ದೀರಿ. ಶಿವಮೊಗ್ಗ ನಗರದ ಶಿವಪ್ಪನಾಯಕನ ಅರಮನೆಯ ಅಂಗಳದಲ್ಲಿಯೂ ಅವು ಸಾಲುಗೊಂಡು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ನೋಟ, ಮೇಲಣ ಪಟ್ಟಿಕೆಯಲ್ಲಿ ಶಿವಸನ್ನಿಧಿ. ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಕೆತ್ತಿದ ಬರೆಹ, ಯಾವ ಅರಸನು ಆಳುತ್ತಿದ್ದಾಗ, ಯಾವ ಊರಿನಲ್ಲಿ, ಯಾರ ಮಗನಾದ ಯಾವನು, ದನಗಳಿಗಾಗಿ ನಡೆದ ತುರುಗೋಳಿನಲ್ಲಿಯೋ ಊರಿನ ಮೇಲೆ ದಾಳಿಯಾದ ಊರಳಿವಿನಲ್ಲಿಯೋ ಹೆಣ್ಣುಮಕ್ಕಳ ರಕ್ಷಣೆಯ ಪೆಣ್ಬುಯ್ಯಲಿನಲ್ಲಿಯೋ ಹೋರಾಡಿ ಮಡಿದನೆಂಬುದನ್ನು ಹೇಳುತ್ತದೆ. ಈ ಕಲ್ಲುಗಳಲ್ಲಿ ಬಹುಪಾಲು ಅರಸರನ್ನು ಕುರಿತವಲ್ಲ, ಊರಿನ ಸಾಮಾನ್ಯ ಜನರನ್ನು ಕುರಿತವು ಎಂಬುದನ್ನು ನಾವು ಮರೆಯಬಾರದು. ದನವನ್ನು ಮರಳಿಸಿ ಮಡಿದ ಗೋವಳನಿಗೂ ಕಲ್ಲುಂಟು. ಅವನ ಮನೆಯವರ ಜೀವನಕ್ಕೆ ನೆತ್ತರುಕೊಡಗೆಯೆಂದು ಬಿಟ್ಟ ಭೂಮಿಯ ಉಲ್ಲೇಖವೂ ಉಂಟು. ಸ್ಮರಣೆಯೂ ಪೋಷಣೆಯೂ ಒಂದೇ ಧರ್ಮದ ಎರಡು ಮುಖಗಳೆಂದು ನಮ್ಮ ಪೂರ್ವಿಕರು ಭಾವಿಸಿದ್ದರೆನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಇದೇ ಸೀಮೆಯ ಭದ್ರಾವತಿಯ ಸಂಬಂಧವೂ ಈ ವಿಷಯಕ್ಕೆ ಹೊರಗಾದುದಲ್ಲ. ಟ್ಯಾಂಕೆಂಬ ಯಂತ್ರವು ಪ್ರಪಂಚದ ರಣರಂಗದಲ್ಲಿ ಪ್ರಪ್ರಥಮವಾಗಿ ಕಾಣಿಸಿಕೊಂಡುದು 1916ನೆಯ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೊಮ್ ನದೀಪ್ರಾಂತದಲ್ಲಿ. ಅದಾದ ಎರಡೇ ವರ್ಷಗಳಲ್ಲಿ, 1918ರಲ್ಲಿ, ಬೆಂಕಿಪುರವೆಂದು ಹಿಂದೆ ಹೆಸರಾಗಿದ್ದ ಆ ಊರಿನಲ್ಲಿ, ಭದ್ರೆಯ ದಡದ ಮೇಲೆ, ವಿಶ್ವೇಶ್ವರಯ್ಯನವರ ಸಂಕಲ್ಪದ ಫಲವಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಮೊದಲಾಯಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡುಗಳ ಇದ್ದಿಲಿನಿಂದ ಕರಗಿಸಿ ಕಬ್ಬಿಣವನ್ನು ತೆಗೆಯುವ ಕಾರ್ಯ 1923ರಲ್ಲಿ ಆರಂಭಗೊಂಡಿತು. ಅದೇ 1918ನೆಯ ವರ್ಷದ ಸೆಪ್ಟೆಂಬರ್ 23ರಂದು, ದೂರದ ಹೈಫಾ ಪಟ್ಟಣದಲ್ಲಿ, ಮೈಸೂರು ಲ್ಯಾನ್ಸರ್ಸ್ ದಳದ ಸವಾರರು ಜೋಧಪುರದ ಸವಾರರೊಡಗೂಡಿ, ಫಿರಂಗಿ ಮತ್ತು ಮೆಷಿನ್‌ಗನ್ನುಗಳ ಇದಿರಿನಲ್ಲಿ, ಭರ್ಜಿ ಹಿಡಿದು ಕುದುರೆಯ ಮೇಲೆಯೇ ಏರಿಹೋದರು. ಕುದುರೆಯ ಯುಗದ ಕೊನೆಯೂ ಉಕ್ಕಿನ ಯುಗದ ಮೊದಲೂ ಹೀಗೆ ಒಂದೇ ವರ್ಷದಲ್ಲಿ ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಎದುರುಬದುರಾದುವು. ಆಮೇಲಿನ ದಶಕಗಳಲ್ಲಿ ಭಾರತದ ಅಶ್ವದಳಗಳು ಒಂದಾದಮೇಲೊಂದಾಗಿ ಕುದುರೆಯನ್ನು ಬಿಟ್ಟು ಟ್ಯಾಂಕನ್ನೇರಿದುವು. ಹೆಸರು ಮಾತ್ರ ಹಳೆಯದಾಗಿಯೇ ಉಳಿಯಿತು. ಇಂದಿಗೂ ಅವುಗಳನ್ನು ಹಾರ್ಸ್ ಎಂದು, ಕ್ಯಾವಲ್ರಿ ಎಂದು, ಲ್ಯಾನ್ಸರ್ಸ್ ಎಂದು ಕರೆಯುತ್ತಾರೆ.

2

ಕಥೆಯನ್ನು ಹೇಳುವ ಮೊದಲು ಒಂದು ತತ್ತ್ವವನ್ನು ನೆನೆಯಬೇಕು. ಭರತಮುನಿಯಿಂದ ಮೊದಲುಗೊಂಡು ನಮ್ಮ ಅಲಂಕಾರಶಾಸ್ತ್ರಜ್ಞರು ಕ್ರೋಧವನ್ನು ರೌದ್ರರಸಕ್ಕೆ ಸ್ಥಾಯಿಯಾಗಿ, ಎಂದರೆ ನೆಲೆನಿಲ್ಲುವ ಮೂಲಭಾವವಾಗಿ, ಇಟ್ಟರು. ವೀರರಸಕ್ಕೆ ಅವರು ಗೊತ್ತುಮಾಡಿದ ಸ್ಥಾಯಿಭಾವ ಉತ್ಸಾಹ. ಇದು ಬಹು ದೊಡ್ಡ ವಿವೇಕ. ಕಣ್ಣು ಕೆಂಪಾಗಿಸಿಕೊಂಡು ಹಲ್ಲು ಕಡಿಯುತ್ತ ನುಗ್ಗುವವನನ್ನು ಲೋಕ ವೀರನೆಂದು ಭ್ರಮಿಸುವುದುಂಟು. ಶಾಸ್ತ್ರಕಾರರು ಹಾಗೆ ಭ್ರಮಿಸಲಿಲ್ಲ. ವೀರಕ್ಕೆ ಕಾರಣವಾದ ಗುಣಗಳನ್ನು ಎಣಿಸುವಾಗ ಅವರು ಬಲಪರಾಕ್ರಮಗಳಿಗಿಂತ ಮುಂಚೆ ಅಸಂಮೋಹವನ್ನೂ ಅಧ್ಯವಸಾಯವನ್ನೂ ನಯವಿನಯಗಳನ್ನೂ ಹೆಸರಿಸಿದರು: ಬುದ್ಧಿ ಕದಡದಿರುವುದು, ಹಿಡಿದ ಕಾರ್ಯವನ್ನು ನಿಶ್ಚಯದಿಂದ ಸಾಗಿಸುವುದು, ಉಪಾಯವನ್ನರಿತು ನಡೆಯುವುದು, ತನ್ನನ್ನು ತಾನು ಅಂಕೆಯಲ್ಲಿಟ್ಟುಕೊಳ್ಳುವುದು. ಜೋಜಿ ಲಾ ಕಣಿವೆಯಲ್ಲಿ ನಡೆದುದನ್ನು ಈ ಬೆಳಕಿನಲ್ಲಿಟ್ಟು ನೋಡಿದಲ್ಲದೆ ಅದರ ಹಿರಿಮೆ ನಮಗೆ ತಿಳಿಯದು. ಅಲ್ಲಿ ಗುಂಡು ಹಾರಿದ ಕಾಲ ಕೆಲವು ಗಂಟೆಗಳದು. ಅದರ ಹಿಂದಣ ಅಧ್ಯವಸಾಯ ಅನೇಕ ವಾರಗಳದು.

3

1947ರ ಅಕ್ಟೋಬರಿನಲ್ಲಿ ಕಾಶ್ಮೀರಕ್ಕೆ ನುಗ್ಗಿದ ದಾಳಿಕಾರರನ್ನು ಶ್ರೀನಗರದ ಬಾಗಿಲಿನಿಂದ ಹಿಮ್ಮೆಟ್ಟಿಸಿದ ಮೇಲೂ ಯುದ್ಧವು ಮುಗಿಯಲಿಲ್ಲ. 1948ರ ಬೇಸಗೆಯಲ್ಲಿ ಉತ್ತರದ ದಿಕ್ಕಿನಿಂದ ಬಂದ ಪಡೆಗಳು ಕಾರ್ಗಿಲ್ ಮತ್ತು ದ್ರಾಸ್ ಊರುಗಳನ್ನು ಹಿಡಿದು, ಕಾಶ್ಮೀರದ ಕಣಿವೆಗೂ ಲಡಾಖಿಗೂ ನಡುವಣ ಮುಖ್ಯ ಮಾರ್ಗವಾದ ಜೋಜಿ ಲಾ ಕಣಿವೆದಾರಿಯ ಮೇಲೆ ನೆಲೆನಿಂತುವು. ಆರು ತಿಂಗಳ ಮುತ್ತಿಗೆಯನ್ನು ತಾಳಿಕೊಂಡಿದ್ದ ಸ್ಕರ್ದು ಆಗಸ್ಟ್ 14ರಂದು ಬಿದ್ದುಹೋಯಿತು. ಲೇಹ್ ಪಟ್ಟಣವು ನೆಲದ ದಾರಿಯಿಂದ ಪೂರ್ಣವಾಗಿ ಕಡಿದುಹೋಗಿ, ಆಕಾಶಮಾರ್ಗವೊಂದನ್ನೇ ನೆಮ್ಮಿಕೊಳ್ಳಬೇಕಾಯಿತು. ಆ ಆಕಾಶಮಾರ್ಗವನ್ನು ತೆರೆದುದೂ ಒಂದು ಸಾಹಸವೇ: ಸೋನಂ ನೋರ್ಬು ಎಂಬ ಲಡಾಖಿ ಇಂಜಿನಿಯರರು ಹತ್ತು ಸಾವಿರ ಅಡಿಗಳಿಗೂ ಎತ್ತರದಲ್ಲಿ ಸಮಮಾಡಿದ ಒರಟು ನೆಲದ ಮೇಲೆ, ಏರ್ ಕಮೊಡೋರ್ ಮೆಹರ್ ಸಿಂಗರು ಮೇ ತಿಂಗಳಲ್ಲಿ ಡಕೋಟ ವಿಮಾನವನ್ನು ಇಳಿಸಿದಾಗ, ಅವರ ಜೊತೆಯಲ್ಲಿ ಕುಳಿತು ಹೋದವರು ತಿಮ್ಮಯ್ಯನವರು. ತಾನು ಹೋಗದ ಕಡೆಗೆ ತನ್ನ ಸೈನಿಕರನ್ನು ಕಳುಹಿಸಲೊಲ್ಲದ ಸ್ವಭಾವ ಅಲ್ಲಿಯೇ ಪ್ರಕಟವಾಯಿತು.

ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದವರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಡೆಹ್ರಾಡೂನಿನಲ್ಲಿಯೂ ಓದಿ, ಸ್ಯಾಂಡ್‌ಹರ್ಸ್ಟಿನಲ್ಲಿ ಶಿಕ್ಷಣ ಪಡೆದು 1926ರಲ್ಲಿ ಸೇನಾಧಿಕಾರಿಯಾದವರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ಕರಾವಳಿಯ ಕಾಂಗಾ ಕದನದಲ್ಲಿ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ನನ್ನು ನಡೆಸಿ ಡಿ.ಎಸ್.ಒ. ಪದಕವನ್ನು ಗಳಿಸಿದರು. ಅದೇ ಕದನದಲ್ಲಿ ಅದೇ ಬ್ರಿಗೇಡಿನ ಇನ್ನಿಬ್ಬರು ಭಾರತೀಯರಾದ ಥೋರಟ್ ಮತ್ತು ಸೇನ್ ಅವರಿಗೂ ಅದೇ ಪದಕ ಸಂದಿತು. ಬಳಿಕ ತಿಮ್ಮಯ್ಯನವರು ಆ ಯುದ್ಧದಲ್ಲಿ ರಣರಂಗದ ಬ್ರಿಗೇಡೊಂದರ ನಾಯಕತ್ವವನ್ನು ವಹಿಸಿದ ಏಕೈಕ ಭಾರತೀಯರಾದರು. 1948ರಲ್ಲಿ ಕಾಶ್ಮೀರ ಕಣಿವೆಯ ಡಿವಿಷನ್ ಅವರ ಕೈಗೆ ಬಂದಿತು. ಅವರ ಮೇಲಧಿಕಾರಿಯಾಗಿ ಪಶ್ಚಿಮ ದಿಕ್ಕಿನ ಸಮಸ್ತ ಸೈನ್ಯವನ್ನು ನೋಡಿಕೊಳ್ಳುತ್ತಿದ್ದವರು ಲೆಫ್ಟಿನೆಂಟ್ ಜನರಲ್ ಕಾರ್ಯಪ್ಪನವರು. ಹಿಮಾಲಯದ ನೆತ್ತಿಯ ಮೇಲಿನ ಒಂದು ಕಣಿವೆಯ ಭವಿಷ್ಯವನ್ನು ಸಹ್ಯಾದ್ರಿಯ ತಪ್ಪಲಿನ ಇಬ್ಬರು ಕೊಡವರು ಜೊತೆಯಾಗಿ ಚಿಂತಿಸಬೇಕಾದ ಯೋಗ ಚರಿತ್ರೆಯಲ್ಲಿ ಹೀಗೆ ಒದಗಿತು.

ಜೋಜಿ ಲಾ ಸುಮಾರು 11,500 ಅಡಿ ಎತ್ತರದಲ್ಲಿದೆ. ಮಳೆಗಾಲದಲ್ಲಿ ಆಗುಂಬೆಯ ಘಾಟಿಯನ್ನು ಬಸ್ಸಿನಲ್ಲಿ ಇಳಿದವರು, ಆ ಘಾಟಿಯ ದಾರಿಯನ್ನು ಹೇಸರಗತ್ತೆ ನಡೆಯುವಷ್ಟೇ ಅಗಲಕ್ಕೆ ಕಿರಿದುಮಾಡಿ, ಮಳೆಯ ಬದಲು ಹಿಮವನ್ನು ಸುರಿಸಿ, ಎರಡು ಮಗ್ಗುಲುಗಳ ಬಂಡೆಗಳ ಸಂದಿನಲ್ಲಿ ಮೆಷಿನ್‌ಗನ್ನುಗಳನ್ನು ಇಟ್ಟಂತೆ ಭಾವಿಸಿಕೊಂಡರೆ, ಅಂದಿನ ಸ್ಥಿತಿ ಒಂದಿಷ್ಟು ಮನಸ್ಸಿಗೆ ಹತ್ತೀತು. ಸೆಪ್ಟೆಂಬರ್ ತಿಂಗಳಲ್ಲಿ 77ನೆಯ ಪ್ಯಾರಾಶೂಟ್ ಬ್ರಿಗೇಡಿನ ಕಾಲಾಳುಗಳು ಆ ಕಣಿವೆಯನ್ನು ಇದಿರಿನಿಂದಲೇ ಏರಲು ಯತ್ನಿಸಿ, ಮೇಲಿನಿಂದ ಸುರಿದ ಗುಂಡಿನ ಮಳೆಗೆ ಸಿಕ್ಕಿ, ಹಾನಿಯನ್ನನುಭವಿಸಿ ಹಿಂದಿರುಗಬೇಕಾಯಿತು. ಅವರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಬಂಡೆಯ ಮರೆಯಲ್ಲಿ ಕುಳಿತ ಮೆಷಿನ್‌ಗನ್ನನ್ನು ಬರಿಯ ಎದೆಗಾರಿಕೆ ಅಡಗಿಸಲಾರದೆಂಬುದು ಅಂದು ರಕ್ತದ ಬೆಲೆ ತೆತ್ತು ಕಲಿತ ಪಾಠ. ಚಳಿಗಾಲವು ಬಾಗಿಲಿಗೆ ಬಂದಿತ್ತು. ಕಣಿವೆ ಹಿಮದಿಂದ ಮುಚ್ಚಿಹೋದರೆ ಮುಂದಿನ ಬೇಸಗೆಯವರೆಗೆ ಲೇಹ್ ಉಳಿಯುವುದೇ ಸಂದೇಹವಾಗಿತ್ತು.

4

ಆಗ ತಿಮ್ಮಯ್ಯನವರು ಮಾಡಿದ ನಿರ್ಧಾರವು, ಅಂದಿನ ಯುದ್ಧಶಾಸ್ತ್ರವನ್ನು ಬಲ್ಲವರಿಗೆ ಅಸಾಧ್ಯವೆಂದು ತೋರತಕ್ಕುದಾಗಿತ್ತು. ಟ್ಯಾಂಕುಗಳನ್ನು ಆ ಕಣಿವೆಯ ಮೇಲಕ್ಕೆ ಏರಿಸಬೇಕೆಂದು ಅವರು ನಿಶ್ಚಯಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಹೋರಾಡಿದ ನಿದರ್ಶನ ಅದುವರೆಗೆ ಲೋಕದಲ್ಲಿಯೇ ಇರಲಿಲ್ಲ. ಶತ್ರುವೂ ಅದನ್ನು ಕನಸಿನಲ್ಲಿ ಎಣಿಸಿರಲಾರನೆಂಬುದೇ ಅವರ ಉಪಾಯದ ತಿರುಳು. ಈ ಕಾರ್ಯಕ್ಕೆ ಅವರು ಆರಿಸಿಕೊಂಡುದು ಏಳನೆಯ ಲೈಟ್ ಕ್ಯಾವಲ್ರಿಯನ್ನು. ಹಳೆಯ ಮದರಾಸು ಸೈನ್ಯದ ಅಶ್ವದಳಗಳಲ್ಲಿ ಹುಟ್ಟಿದ, ಬರ್ಮಾದ ಯುದ್ಧದಲ್ಲಿ ಪಳಗಿದ ರೆಜಿಮೆಂಟು ಅದು. ಅದರ ನಾಯಕರು, ಮಿತ್ರರ ನಡುವೆ 'ಸ್ಪ್ಯಾರೋ' ಎಂದು ಪ್ರಸಿದ್ಧರಾಗಿದ್ದ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್. ಅವರ ಟ್ಯಾಂಕುಗಳು ಸ್ಟುವರ್ಟ್ ಎಂಬ ಜಾತಿಯ ಹಗುರ ಟ್ಯಾಂಕುಗಳು: ತೂಕ ಹದಿನೈದು ಟನ್ನಿನ ಆಸುಪಾಸು, 37 ಮಿಲಿಮೀಟರಿನ ಫಿರಂಗಿ, ಒಳಗೆ ನಾಲ್ಕು ಮಂದಿ ಸೈನಿಕರು.

ಜಮ್ಮುವಿನ ಕಡೆಯಲ್ಲಿದ್ದ ಆ ಟ್ಯಾಂಕುಗಳನ್ನು ಪೀರ್ ಪಂಜಾಲ್ ಪರ್ವತಶ್ರೇಣಿಯನ್ನು ದಾಟಿಸಿ ಶ್ರೀನಗರಕ್ಕೆ ತಂದು, ಅಲ್ಲಿಂದ ಕಣಿವೆಯ ಬುಡದ ಬಾಲ್ತಾಲ್ ಎಂಬಲ್ಲಿಗೆ ಮುಟ್ಟಿಸುವುದೇ ಮೊದಲನೆಯ ಸಮಸ್ಯೆ. ಬನಿಹಾಲಿನ ಇಂದಿನ ಸುರಂಗಗಳು ಆಗ ಇರಲಿಲ್ಲ. ದಾರಿಯ ಸೇತುವೆಗಳು ಅಷ್ಟು ಭಾರವನ್ನು ಹೊರಲೆಂದು ಕಟ್ಟಿದವುಗಳಲ್ಲ. ಫಿರಂಗಿಯನ್ನು ಹೊತ್ತ ಮೇಲಣ ಗೋಪುರಗಳನ್ನು ಕಳಚಿ ಭಾರವನ್ನಿಳಿಸಿ, ದೂರದಿಂದ ಕಂಡವರಿಗೆ ಟ್ಯಾಂಕೆಂಬ ಗುರುತೇ ಹತ್ತದಂತೆ ಟಾರ್ಪಾಲಿನ್ನುಗಳನ್ನು ಹೊದಿಸಿ, ರಾತ್ರಿಯ ವೇಳೆ ಸಾಗಿಸಿ, ಗೋಪ್ಯವನ್ನು ಕೊನೆಯವರೆಗೂ ಕಾಪಾಡಿದರು. ನೂರಾರು ಮಂದಿ ಅರಿತಿದ್ದ ಒಂದು ಸಂಗತಿಯನ್ನು ಶತ್ರುವಿನ ಕಿವಿಗೆ ಬೀಳದಂತೆ ಕಾಯುವುದು ನಾಲಗೆಯ ಶೌರ್ಯ; ರಣಾಂಗಣದ ಶೌರ್ಯಕ್ಕಿಂತ ಅದು ಕಿರಿದಾದುದೆಂದು ನಾನೆಣಿಸಲಾರೆ.

ಎರಡನೆಯ ಸಮಸ್ಯೆ ದಾರಿಯದು. ಬಾಲ್ತಾಲಿನಿಂದ ಮೇಲಕ್ಕೆ ಇದ್ದುದು ಹೇಸರಗತ್ತೆಗಳ ಜಾಡು. ಅದನ್ನು ಟ್ಯಾಂಕು ನಡೆಯುವ ಹಾದಿಯನ್ನಾಗಿ ಅಗಲಿಸಿದವರು ಮದರಾಸು ಸ್ಯಾಪರ್ಸ್ ದಳದ ಇಂಜಿನಿಯರ್ ಸೈನಿಕರು. ಆ ದಳದ ಕೇಂದ್ರಸ್ಥಾನ ಬೆಂಗಳೂರಿನ ಹಲಸೂರು ಕೆರೆಯ ಬಳಿಯಲ್ಲಿದೆಯೆಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬೇಕು. ಶತ್ರುವಿನ ಗುಂಡು ಬೀಳುತ್ತಿದ್ದ ಇಳಿಜಾರಿನಲ್ಲಿ, ತೆಳುವಾದ ಗಾಳಿಯಲ್ಲಿ ಏದುಸಿರುಬಿಡುತ್ತ, ಬಂಡೆಯನ್ನು ಸಿಡಿಸಿ, ಕಲ್ಲನ್ನು ಹೊತ್ತು, ಮಣ್ಣನ್ನು ಸಮಮಾಡಿ ಅವರು ದಾರಿ ಕಡಿದರು. ಸೈನಿಕನ ಕೈಯಲ್ಲಿ ಬಂದೂಕಿದ್ದರೆ ತಿರುಗಿ ಹೊಡೆಯುವ ಸಮಾಧಾನವಾದರೂ ಉಂಟು. ಹಾರೆ ಹಿಡಿದವನಿಗೆ ಅದೂ ಇಲ್ಲ. ಗುಂಡಿನ ಸದ್ದಿನ ನಡುವೆ ಕೈಯ ಕೆಲಸವನ್ನು ಬಿಡದೆ ಮುಂದುವರಿಸುವುದು ಅಸಂಮೋಹದ ಪರಮಾವಧಿ.

ಅಕ್ಟೋಬರ್ ತಿಂಗಳಲ್ಲಿ ನಡೆಯಬೇಕಾಗಿದ್ದ ಆಕ್ರಮಣ ಹಿಮಪಾತದಿಂದ ಮುಂದೂಡಲ್ಪಟ್ಟಿತು. ಕಾಯುವುದು ಸುಲಭದ ಮಾತಲ್ಲ. ಒಂದೊಂದು ದಿನ ಕಳೆದಂತೆಯೂ ಹಿಮ ಹೆಚ್ಚುವುದು, ಗೋಪ್ಯ ಬಯಲಾಗುವ ಅಪಾಯವೂ ಹೆಚ್ಚುವುದು. ಕೊನೆಗೆ ನವೆಂಬರ್ 1ರ ಅಪರಾಹ್ನ, ಹಿಮದ ನಡುವೆಯೇ, ಟ್ಯಾಂಕುಗಳು ಕಣಿವೆಯನ್ನೇರಿದುವು. ಮುಂಚೂಣಿಯ ಟ್ಯಾಂಕಿನಲ್ಲಿ ಡಿವಿಷನ್ನಿನ ದಂಡನಾಯಕರಾದ ತಿಮ್ಮಯ್ಯನವರೇ ಇದ್ದರು. ಮೇಜರ್ ಜನರಲ್ ಪದವಿಯ ಅಧಿಕಾರಿ ಇರಬೇಕಾದ ಸ್ಥಾನ ಅದಲ್ಲವೆಂದು ಯುದ್ಧನೀತಿಯ ಪುಸ್ತಕಗಳು ಹೇಳಿಯಾವು; ಆದರೆ, ಹಿಂದೆಂದೂ ಯಾರೂ ಮಾಡದಿದ್ದ ಕಾರ್ಯವನ್ನು ಇತರರಿಂದ ಮಾಡಿಸುವಾಗ, ಅದರ ಮೊದಲನೆಯ ಅಪಾಯವನ್ನು ತಾನೇ ಹೊರಬೇಕೆಂಬ ಧರ್ಮವನ್ನು ಅವರ ಅಂತಃಕರಣ ಬಲ್ಲುದಾಗಿತ್ತು.

ಬಂಡೆಗಳ ಮರೆಯಲ್ಲಿ ಸುರಕ್ಷಿತರೆಂದು ಕುಳಿತಿದ್ದ ಶತ್ರುಸೈನಿಕರಿಗೆ, ಹೇಸರಗತ್ತೆಯ ಹಾದಿಯಲ್ಲಿ ಉಕ್ಕಿನ ಯಂತ್ರಗಳು ಮೇಲೇರಿ ಬರುವ ನೋಟವೇ ಅರ್ಧ ಸೋಲಾಯಿತು. ರಾಜಿಂದರ್ ಸಿಂಗರ ಟ್ಯಾಂಕುಗಳು ಸಮೀಪದಿಂದ ಒಂದೊಂದು ನೆಲೆಗೂ ಫಿರಂಗಿಯ ಗುರಿಯಿಟ್ಟು ಹೊಡೆಯುತ್ತ ಮುನ್ನಡೆದುವು. ಕಾಲಾಳುಗಳು ಅವುಗಳ ಹಿಂದೆ ಏರಿಬಂದು ಎತ್ತರದ ಜಾಗಗಳನ್ನು ಹಿಡಿದರು. ವಾರಗಟ್ಟಲೆ ತಡೆದುನಿಲ್ಲಿಸಿದ್ದ ಕಣಿವೆಯ ಬಾಗಿಲು ಒಂದೇ ದಿನದಲ್ಲಿ ತೆರೆಯಿತು, ಕಣಿವೆಯಾಚೆಯ ಗುಮ್ರಿಯ ಬಯಲು ಕೈಸೇರಿತು. ಮುಂದೆ ಹಿಮದ ಕಡಿತದಿಂದ ಬೆರಳುಗಳು ಮರಗಟ್ಟುತ್ತಿದ್ದರೂ ಸೈನ್ಯ ನಿಲ್ಲಲಿಲ್ಲ. ನವೆಂಬರಿನ ನಡುಭಾಗದಲ್ಲಿ ದ್ರಾಸ್, ಆ ತಿಂಗಳು ಮುಗಿಯುವುದರೊಳಗಾಗಿ ಕಾರ್ಗಿಲ್ ಮರಳಿ ಬಂದುವು. ಲೇಹ್ ಪಟ್ಟಣಕ್ಕೆ ನೆಲದ ದಾರಿ ಕೂಡಿತು. 1949ರ ಜನವರಿ 1ರಂದು ಕದನವಿರಾಮ ಜಾರಿಗೆ ಬಂದಾಗ ಲಡಾಖ್ ಭಾರತದಲ್ಲಿಯೇ ಉಳಿದಿತ್ತು. ಅದು ಉಳಿದುದಕ್ಕೆ ಮುಖ್ಯ ಕಾರಣಗಳಲ್ಲೊಂದು ನವೆಂಬರ್ 1ರ ಆ ಅಪರಾಹ್ನ.

5

ಪರಮವೀರಚಕ್ರ, ಮಹಾವೀರಚಕ್ರ, ವೀರಚಕ್ರ ಎಂಬ ಮೂರು ಶೌರ್ಯಪದಕಗಳು 1950ರ ಜನವರಿ 26ರಂದು, ಗಣರಾಜ್ಯದ ಮೊದಲನೆಯ ದಿನವೇ, ಸ್ಥಾಪಿತವಾದುವು. 1947ರ ಆಗಸ್ಟ್ 15ರಿಂದ ಅನ್ವಯಿಸುವಂತೆ ಅವುಗಳನ್ನು ವಿಧಿಸಲಾಯಿತು. ಜೋಜಿ ಲಾದ ಕಾರ್ಯಕ್ಕಾಗಿ ರಾಜಿಂದರ್ ಸಿಂಗರಿಗೆ ಮಹಾವೀರಚಕ್ರ ಸಂದಿತು. ಪದಕದೊಡನೆ ಓದುವ ಪ್ರಶಸ್ತಿಪತ್ರವು ವೀರನ ಹೆಸರು, ಅವನ ದಳ, ದಿನ, ಸ್ಥಳ, ಅವನು ಮಾಡಿದ ಕಾರ್ಯ ಇವುಗಳನ್ನು ಕ್ರಮವಾಗಿ ಹೇಳುತ್ತದೆ. ನಮ್ಮ ವೀರಗಲ್ಲಿನ ಬರೆಹವೂ ಹೇಳುವುದು ಇದನ್ನೇ. ಒಂದು ರಾಷ್ಟ್ರವು ತನ್ನ ಮೊದಲನೆಯ ದಿನದ ಕಾರ್ಯಗಳಲ್ಲಿ ಇದನ್ನೂ ಸೇರಿಸಿದುದು ಉಚಿತವೆಂದೇ ನಾನು ಭಾವಿಸುತ್ತೇನೆ. ಯಾರಿಂದ ಉಳಿದೆವೆಂಬುದನ್ನು ಹೇಳಲರಿಯದ ರಾಷ್ಟ್ರಕ್ಕೆ ತಾನು ಯಾವುದಕ್ಕಾಗಿ ಬಾಳಬೇಕೆಂಬುದೂ ತಿಳಿಯಲಾರದು.

ರಾಜಿಂದರ್ ಸಿಂಗರು ಹದಿನೇಳು ವರ್ಷಗಳ ತರುವಾಯ, 1965ರ ಯುದ್ಧದಲ್ಲಿ, ಮೇಜರ್ ಜನರಲ್ ಆಗಿ ಒಂದನೆಯ ಆರ್ಮರ್ಡ್ ಡಿವಿಷನ್ನನ್ನು ಸಿಯಾಲ್‌ಕೋಟಿನ ರಣರಂಗದಲ್ಲಿ ನಡೆಸಿ ಎರಡನೆಯ ಬಾರಿ ಮಹಾವೀರಚಕ್ರವನ್ನು ಪಡೆದರು. ಅವರ ಡಿವಿಷನ್ನಿನ ರೆಜಿಮೆಂಟುಗಳಲ್ಲಿ ಪೂನಾ ಹಾರ್ಸ್ ಒಂದು. ಅದರ ನಾಯಕರು ಲೆಫ್ಟಿನೆಂಟ್ ಕರ್ನಲ್ ಅರ್ದೇಶಿರ್ ತಾರಾಪೋರ್. ಸೆಪ್ಟೆಂಬರ್ 11ರಂದು ಫಿಲ್ಲೋರಾದ ಕದನದಲ್ಲಿ ಗಾಯಗೊಂಡರೂ, ಚಿಕಿತ್ಸೆಗೆಂದು ಹಿಂದಕ್ಕೆ ಹೋಗಲು ಅವರು ಒಪ್ಪಲಿಲ್ಲ; ಸೆಪ್ಟೆಂಬರ್ 16ರಂದು ಮಡಿಯುವವರೆಗೂ ರೆಜಿಮೆಂಟಿನ ಮುಂದೆಯೇ ಇದ್ದರು. ಅವರಿಗೆ ಮರಣೋತ್ತರವಾಗಿ ಪರಮವೀರಚಕ್ರ ಸಂದಿತು. ಅದೇ ವರ್ಷದ ಡಿಸೆಂಬರ್ 18ರಂದು ತಿಮ್ಮಯ್ಯನವರು ಸೈಪ್ರಸ್ಸಿನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಮುಂಚೂಣಿಯ ಟ್ಯಾಂಕಿನಲ್ಲಿ ಕುಳಿತು ಕಣಿವೆಯನ್ನು ಗೆದ್ದವರ ಕೊನೆಯ ಕಾರ್ಯವು, ಜಗಳವಾಡುತ್ತಿದ್ದ ಎರಡು ಜನಾಂಗಗಳ ನಡುವೆ ನಿಂತು ಶಾಂತಿಯನ್ನು ಕಾಯುವುದಾಗಿತ್ತು. ಅದಕ್ಕೂ ಮುಂಚೆ ಕೊರಿಯಾದಲ್ಲಿ, ಯುದ್ಧಕೈದಿಗಳ ವಿಷಯವನ್ನು ತೀರ್ಮಾನಿಸಿದ ತಟಸ್ಥ ರಾಷ್ಟ್ರಗಳ ಮಂಡಲಿಗೆ ಅವರು ಅಧ್ಯಕ್ಷರಾಗಿದ್ದರು. ವೀರಕ್ಕೆ ಸ್ಥಾಯಿ ಕ್ರೋಧವಲ್ಲವೆಂಬ ಶಾಸ್ತ್ರದ ಮಾತಿಗೆ ಅವರ ಜೀವನವೇ ಭಾಷ್ಯ.

ಇನ್ನೊಂದು ಪ್ರಸಂಗವನ್ನು ಹೇಳದಿದ್ದರೆ ಈ ವಿಚಾರ ಪೂರ್ಣವಾಗದು. 1971ರ ಡಿಸೆಂಬರ್ 16ರಂದು, ಬಸಂತರ್ ನದಿಯಾಚೆ, ಅದೇ ಪೂನಾ ಹಾರ್ಸಿನ ಇಪ್ಪತ್ತೊಂದು ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲರು, ಸಂಖ್ಯೆಯಲ್ಲಿ ಮಿಗಿಲಾದ ಶತ್ರುಟ್ಯಾಂಕುಗಳನ್ನು ಎದುರಿಸಿ ಹೋರಾಡುತ್ತಿದ್ದಾಗ, ಅವರ ಟ್ಯಾಂಕಿಗೆ ಬೆಂಕಿ ತಗಲಿತು. ಬಿಟ್ಟು ಬರಬೇಕೆಂದು ವೈರ್‌ಲೆಸ್ಸಿನಲ್ಲಿ ಆಜ್ಞೆ ಬಂದಿತು. ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆ, ಟ್ಯಾಂಕನ್ನು ಬಿಡಲಾರೆನೆಂದು ಅವರು ಉತ್ತರವಿತ್ತರು, ಅಲ್ಲಿಯೇ ಮಡಿದರು, ಪರಮವೀರಚಕ್ರಕ್ಕೆ ಪಾತ್ರರಾದರು. ಮೂವತ್ತು ವರ್ಷಗಳ ಬಳಿಕ, 2001ರಲ್ಲಿ, ಅವರ ವೃದ್ಧ ತಂದೆ ಬ್ರಿಗೇಡಿಯರ್ ಖೇತ್ರಪಾಲರು ತಾವು ಹುಟ್ಟಿದ ಸೀಮೆಯನ್ನು ನೋಡಲು ಪಾಕಿಸ್ತಾನಕ್ಕೆ ಹೋದಾಗ, ಅವರನ್ನು ಅತಿಥಿಯಾಗಿ ಮನೆಯಲ್ಲಿಟ್ಟುಕೊಂಡು ಆದರಿಸಿದ ಪಾಕಿಸ್ತಾನಿ ಬ್ರಿಗೇಡಿಯರ್ ನಾಸೆರರು, ಕೊನೆಯ ದಿನ ತಮ್ಮ ಮನಸ್ಸಿನ ಭಾರವನ್ನು ಇಳಿಸಿದರು: ಅಂದು ಅರುಣರ ಟ್ಯಾಂಕನ್ನು ಹೊಡೆದವರು ತಾವೇ. ಆ ತರುಣನ ಧೈರ್ಯವನ್ನು ಹೊಗಳಿ ಅವರು ತಂದೆಯ ಮುಂದೆ ತಲೆಬಾಗಿದರು. ತಂದೆ ಅವರನ್ನು ದ್ವೇಷಿಸಲಿಲ್ಲ. ಶತ್ರುವಿನ ಬಾಯಿಂದ ಸತ್ಯವಾಗಿ ಹೊರಟ ಮೆಚ್ಚುಗೆಗಿಂತ ದೊಡ್ಡ ಪ್ರಶಸ್ತಿಯಿಲ್ಲ. ಮಗನನ್ನು ಕಳೆದುಕೊಂಡ ತಂದೆಯ ಆ ಕ್ಷಮೆಯೂ ವೀರವೇ ಆಗಿದೆ.

6

ಇಷ್ಟು ಹೇಳಿದ ಮೇಲೆ ನನ್ನ ಸಿದ್ಧಾಂತವನ್ನು ಸಂಗ್ರಹವಾಗಿ ನಿವೇದಿಸುತ್ತೇನೆ. ಪದಕವನ್ನು ಧರಿಸುವ ಎದೆ ಒಂದೇ ಆದರೂ, ಅದನ್ನು ಗಳಿಸಿದ ಕೈಗಳು ಅನೇಕ. ಟ್ಯಾಂಕಿನ ಒಳಗೆ ಅಧಿಕಾರಿಯ ಪಕ್ಕದಲ್ಲಿಯೇ ಚಾಲಕನಿದ್ದಾನೆ, ಗುರಿಕಾರನಿದ್ದಾನೆ. ಅಧಿಕಾರಿ ತಲೆಯನ್ನು ಹೊರಗಿಟ್ಟು ದಾರಿ ನೋಡುವಾಗ ಇವರು ಹೊರಗು ಅಷ್ಟಾಗಿ ಕಾಣದ ಉಕ್ಕಿನ ಗೂಡಿನಲ್ಲಿ, ಎಣ್ಣೆಯ ವಾಸನೆ ಮತ್ತು ಯಂತ್ರದ ಭೋರ್ಗರೆತದ ನಡುವೆ, ಅವನ ಮಾತೊಂದನ್ನೇ ನಂಬಿ ಕುಳಿತಿರುತ್ತಾರೆ. ಅವರ ಹಿಂದೆ ಗೋಪುರವನ್ನು ಕಳಚಿ ಮರಳಿ ಜೋಡಿಸಿದ ಮೆಕ್ಯಾನಿಕ್ಕುಗಳು, ಬಂಡೆಯನ್ನು ಸಿಡಿಸಿ ಹಾದಿ ಮಾಡಿದ ಸ್ಯಾಪರುಗಳು, ಹೇಸರಗತ್ತೆಗಳ ಮೇಲೆ ಅನ್ನವನ್ನು ಸಾಗಿಸಿದವರು, ತಾವು ಸೋತ ಕಣಿವೆಯನ್ನು ಬಿಡದೆ ಮತ್ತೆ ಏರಿದ ಕಾಲಾಳುಗಳು. ಈ ಮಾತಿನ ಮರ್ಮವನ್ನು ಭದ್ರಾವತಿಯ ಜನಕ್ಕೆ ವಿವರಿಸಬೇಕಾಗಿಲ್ಲ. ಕುಲುಮೆಯ ಮುಂದೆ ಪಾಳಿಯ ಮೇಲೆ ಪಾಳಿ ನಿಂತು ಉಕ್ಕನ್ನು ಎರೆದವರ ಮಕ್ಕಳು ಮೊಮ್ಮಕ್ಕಳು, ಒಂದು ಉಕ್ಕಿನ ತುಂಡಿನ ಹಿಂದೆ ಎಷ್ಟು ಜನರ ಬೆವರಿದೆಯೆಂಬುದನ್ನು ಮನೆಯಲ್ಲಿಯೇ ಕಲಿತವರು. ರಾಜಿಂದರ್ ಸಿಂಗರ ಹಿರಿಮೆ ಇದರಿಂದ ಕಿರಿದಾಗುವುದಿಲ್ಲ. ಅಷ್ಟು ಜನರ ಅಧ್ಯವಸಾಯವನ್ನು ಒಂದು ಅಪರಾಹ್ನದಲ್ಲಿ ವ್ಯರ್ಥವಾಗದಂತೆ ಫಲಕ್ಕೆ ಮುಟ್ಟಿಸಿದರೆಂಬುದೇ ಅವರ ಹಿರಿಮೆ.

ಇದರಿಂದ ನಮಗೆ ಒದಗುವ ಕರ್ತವ್ಯವೊಂದುಂಟು. ಈ ಜಿಲ್ಲೆಯಿಂದ ಸೈನ್ಯಕ್ಕೆ ಸೇರಿ, ಹಲವು ಗಡಿಗಳಲ್ಲಿ ಸೇವೆ ಸಲ್ಲಿಸಿ, ಈಗ ತಮ್ಮ ಊರುಗಳಿಗೆ ಮರಳಿ ಗದ್ದೆ ತೋಟಗಳನ್ನು ನೋಡಿಕೊಂಡಿರುವ ಅಥವಾ ನಗರದ ಬಡಾವಣೆಗಳಲ್ಲಿ ನೆಲಸಿರುವ ಮಾಜಿ ಸೈನಿಕರು ನಮ್ಮ ನಡುವೆ ಇದ್ದಾರೆ. ಅವರೆಲ್ಲರಿಗೂ ಪದಕ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಅವರು ಕಂಡುದನ್ನು, ಮಾಡಿದುದನ್ನು, ಕಳೆದುಕೊಂಡುದನ್ನು ಬರೆದಿಡುವ ಕೆಲಸ ಆಗಬೇಕು. ದನ ಕಾಯುವಾಗ ಮಡಿದ ಗೋವಳನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ ಸೀಮೆಯು ತನ್ನ ಕಾಲದ ಸೈನಿಕನ ಮಾತನ್ನು ಕಾಗದದ ಮೇಲೂ ಉಳಿಸದೆ ಹೋದರೆ, ಅದು ಪೂರ್ವಿಕರಿಗೆ ಮಾಡಿದ ಅಪಚಾರವಾಗುತ್ತದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿಯೇ ಕುವೆಂಪು ವಿಶ್ವವಿದ್ಯಾನಿಲಯವಿದೆ. ಅಲ್ಲಿಯ ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ, ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳ ಶಾಲಾಕಾಲೇಜುಗಳ ಉಪಾಧ್ಯಾಯರೂ, ಮಾಜಿ ಸೈನಿಕರ ಸಂಘಗಳವರೂ ಕೂಡಿ ಈ ಕಾರ್ಯವನ್ನು ಕೈಗೊಳ್ಳಬೇಕೆಂದು ನಾನು ಕಳಕಳಿಯಿಂದ ಬೇಡುತ್ತೇನೆ. ಬರೆಯುವಾಗ ಉತ್ಪ್ರೇಕ್ಷೆ ಬೇಡ, ಶತ್ರುನಿಂದೆ ಬೇಡ. ವೀರಗಲ್ಲಿನ ಬರೆಹದಂತೆ ಹೆಸರು, ಊರು, ದಿನ, ಕಾರ್ಯ ಇಷ್ಟಿದ್ದರೆ ಸಾಕು. ಜೊತೆಗೆ, ನೆತ್ತರುಕೊಡಗೆಯನ್ನು ಬಿಟ್ಟವರ ಸಂತಾನವೆಂಬ ನೆನಪಿನಿಂದ, ಯುದ್ಧದಲ್ಲಿ ಮಡಿದವರ ಮನೆಗಳಲ್ಲಿ ಉಳಿದ ತಾಯಂದಿರೂ ಹೆಂಡಿರೂ ಮಕ್ಕಳೂ ಹೇಗಿದ್ದಾರೆಂಬುದನ್ನು, ವರ್ಷಕ್ಕೊಂದು ಮೆರವಣಿಗೆಯ ದಿನದಲ್ಲಿ ಮಾತ್ರವಲ್ಲದೆ ಉಳಿದ ದಿನಗಳಲ್ಲಿಯೂ ವಿಚಾರಿಸಿಕೊಳ್ಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು.

ತರುಣ ಮಿತ್ರರಿಗೆ ಕಡೆಯದಾಗಿ ಒಂದು ಮಾತು. ನಿಮ್ಮಲ್ಲಿ ಕೆಲವರು ಸೈನ್ಯಕ್ಕೆ ಸೇರಿಯಾರು, ಬಹುಮಂದಿ ಬೇರೆ ಉದ್ಯೋಗಗಳನ್ನು ಹಿಡಿದಾರು. ಎಲ್ಲಿ ಹೋದರೂ, ಕೋಪವನ್ನು ಧೈರ್ಯವೆಂದೂ ಗದ್ದಲವನ್ನು ಶೌರ್ಯವೆಂದೂ ತಿಳಿಯದಿರಿ. ಬುದ್ಧಿಯನ್ನು ಕದಡಗೊಡದೆ, ಸಿದ್ಧತೆಯಲ್ಲಿ ಸೋಮಾರಿತನಮಾಡದೆ, ಇತರರಿಂದ ಮಾಡಿಸಬೇಕಾದ ಕಷ್ಟದಲ್ಲಿ ಮೊದಲನೆಯ ಪಾಲನ್ನು ತಾವು ಹೊತ್ತವರೇ ಜೋಜಿ ಲಾ ಕಣಿವೆಯನ್ನು ಗೆದ್ದರು. ನಿಮಗೆ ಒದಗುವ ಕಣಿವೆಗಳನ್ನು ಗೆಲ್ಲುವ ದಾರಿಯೂ ಇದೇ.